ಕಫ ಕೀಳುವ ಹೊತ್ತು

ಪುಷ್ಯ ಮಳೆ ಹಿಡಿದಿದೆ. ಹೊಸನಗರದಿಂದ ನಗರದ ಕಡೆ ಹೋಗುವ ಮೊದಲ ಬಸ್ಸಿಳಿದು, ತೋಟದ ದಾರಿಯಲ್ಲಿ ಜಾರುತ್ತ ನಡೆದು, ಕಾಲಿಗೆ ಹತ್ತಿದ ಇಂಬಳಗಳನ್ನು ಕಿತ್ತೆಸೆದು ಜಗುಲಿ ಹತ್ತುತ್ತೀರಿ. ಒಳಗಿನಿಂದ ಕೆಮ್ಮು ಕೇಳುತ್ತದೆ. ಎದೆಯ ತಳದಿಂದ ಗೊರಗೊರ ಎನ್ನುತ್ತ ಎದ್ದು, ಗಂಟಲವರೆಗೆ ಬಂದು, ಹೊರಬೀಳಲಾರದೆ ಮತ್ತೆ ಇಳಿದುಹೋಗುವ ಕೆಮ್ಮು.

ನಡುಮನೆಯ ಮಂಚದ ಮೇಲೆ ಅಜ್ಜಿ ಕೂತಿದ್ದಾರೆ, ಎರಡೂ ಕೈ ಮಂಡಿಗೆ ಊರಿ. ಎಳವೆಯಲ್ಲಿ ಬಂದುಹೋದ ನಾಯಿಕೆಮ್ಮು ಎಡ ಶ್ವಾಸಕೋಶದ ಕೆಳಭಾಗದ ಗಾಳಿನಾಳಗಳನ್ನು ಹಿಗ್ಗಿಸಿಟ್ಟು ಹೋಗಿದೆ. ಆಸ್ಪತ್ರೆಯ ಚೀಟಿಯಲ್ಲಿ ಬ್ರಾಂಕಿಯೆಕ್ಟಾಸಿಸ್ ಎಂದು ಬರೆದಿದ್ದಾರೆ. ನಿಮ್ಮ ನಾಳಗಳ ಒಳಗೋಡೆಯಲ್ಲಿ ಕಣ್ಣಿಗೆ ಕಾಣದ ರೋಮಗಳು ಸೆಕೆಂಡಿಗೆ 10–15 ಸಲ ಬಡಿಯುತ್ತ ಲೋಳೆಯನ್ನು ಮೇಲಕ್ಕೆ ದೂಡುತ್ತಲೇ ಇರುತ್ತವೆ. ಅದು ಗಂಟಲಿಗೆ ಬಂದದ್ದೂ ನೀವು ನುಂಗಿದ್ದೂ ನಿಮಗೇ ಗೊತ್ತಾಗುವುದಿಲ್ಲ. ಅಜ್ಜಿಯ ಹಿಗ್ಗಿದ ನಾಳಗಳಲ್ಲಿ ಆ ಸಾಗಣೆ ನಿಂತಿದೆ. ರಾತ್ರಿಯಿಡೀ ಕಟ್ಟಿದ್ದನ್ನು ಬೆಳಿಗ್ಗೆ ಯಾರಾದರೂ ಹೊರಗೆ ತರಬೇಕು.

“ಕರೆಂಟಿದೆ ಅತ್ತೆ, ಬೇಗ ಬನ್ನಿ,” ಎನ್ನುತ್ತಾಳೆ ಸೊಸೆ, ನೆಬ್ಯುಲೈಸರ್ ಹಿಡಿದು.

“ಇವತ್ತು ಬೇಡ ಮಾರಾಯ್ತಿ. ಬಂದವರ ಎದುರು ಎಂಥ ಹೇಸಿಗೆ.”

“ಒಳಗೇ ಇಟ್ಕೊಂಡ್ರೆ ಹೇಸಿಗೆ ಅಲ್ವ?”

ಕಾಫಿ ಇನ್ನೂ ಆಗಿಲ್ಲ, ಬಿಸಿನೀರು ಮಾತ್ರ. ಹೊಟ್ಟೆ ತುಂಬಿದ್ದರೆ ಕೆಮ್ಮಿನ ಜೊತೆ ವಾಂತಿಯೂ ಬಂದೀತು. ಮೊದಲು ನಾಳ ಸಡಿಲಿಸುವ ಇನ್ಹೇಲರ್, ಆಮೇಲೆ ಶೇ 3ರ ಉಪ್ಪುನೀರಿನ ಮಂಜು. ಉಪ್ಪು ನಾಳದ ಗೋಡೆಯಿಂದ ನೀರೆಳೆದು ಕಫವನ್ನು ತೆಳುವಾಗಿಸುತ್ತದೆ. ಬರೀ ಉಪ್ಪುನೀರು ಕೊಟ್ಟರೆ ಕೆಲವರಿಗೆ ನಾಳ ಬಿಗಿದು ಉಬ್ಬಸ ಏರುವುದರಿಂದ ಈ ಕ್ರಮ.

ಈಗ ಅಜ್ಜಿ ಬಲಮಗ್ಗುಲಿಗೆ ಮಲಗುತ್ತಾರೆ, ಕಾಯಿಲೆ ಇರುವ ಎಡಗಡೆ ಮೇಲೆ ಬರುವಂತೆ, ಸೊಂಟದ ಕೆಳಗೆ ಒಂದು ದಿಂಬು. ತಲೆಯನ್ನು ತೀರಾ ಕೆಳಗಿಳಿಸುವ ಹಳೆಯ ಪದ್ಧತಿಯನ್ನು ಈಗ ಎಲ್ಲರಿಗೂ ಹೇಳುವುದಿಲ್ಲ. ವಯಸ್ಸಾದವರಿಗೆ ಹುಳಿತೇಗು, ಏದುಸಿರು ಹೆಚ್ಚುತ್ತದೆ. ಸೊಸೆ ಬೆನ್ನಿನ ಮೇಲೆ ಟವೆಲು ಹಾಸಿ, ಅಂಗೈ ಗುಂಡಿ ಮಾಡಿ ತಟ್ಟತೊಡಗುತ್ತಾಳೆ. ಡಬ್, ಡಬ್, ಡಬ್. ಸದ್ದು ಟೊಳ್ಳಾಗಿರಬೇಕು. ಚಟ್ ಎಂದರೆ ಅಂಗೈ ಚಪ್ಪಟೆಯಾಗಿದೆ, ಚರ್ಮ ಉರಿಯುತ್ತದೆ, ಕಫ ಕದಲುವುದಿಲ್ಲ. ಬೆನ್ನುಮೂಳೆ ಬಿಟ್ಟು, ಪಕ್ಕೆಲುಬು ಮುಗಿಯುವಲ್ಲಿ ನಿಲ್ಲಿಸಿ, ಕೆಲವು ನಿಮಿಷ.

ಇವಳು ಕಲಿತದ್ದು ಮಣಿಪಾಲದಲ್ಲಿ. ತವರು ತೀರ್ಥಹಳ್ಳಿ ಕಡೆ. ಅಲ್ಲಿಯವರು ಕಾಯಿಲೆ ಬಲವಾದರೆ ಆಗುಂಬೆ ಘಾಟಿ ಇಳಿಯುತ್ತಾರೆ. ಅಪ್ಪ ಮಣಿಪಾಲದ ವಾರ್ಡಿನಲ್ಲಿದ್ದಾಗ ಫಿಸಿಯೋಥೆರಪಿಯವರು ಇವಳ ಕೈ ಹಿಡಿದು ತಟ್ಟಿಸಿದ್ದರು. ಅಪ್ಪನದು ಬೀಡಿ, ಜೊತೆಗೆ ವರ್ಷವರ್ಷವೂ ಕೊಯ್ಲಿನಲ್ಲಿ ಅಡಿಕೆ ಬೇಯಿಸುವ ಹಂಡೆಯ ಮುಂದೆ ಕುಡಿದ ಹೊಗೆ. ಬೀಡಿಯನ್ನಾದರೂ ವೈದ್ಯರು ಬೈದು ಬಿಡಿಸುತ್ತಾರೆ. ಅಡಿಕೆಯ ಚೊಗರು ಕುದಿಯುವ ಒಲೆಯನ್ನು, ಬಚ್ಚಲ ಒಲೆಯನ್ನು ಯಾರೂ ಬೈಯುವುದಿಲ್ಲ. ಅವುಗಳ ಎದುರು ಬೀಡಿ ಮುಟ್ಟದ ಹೆಂಗಸರೇ ಹೆಚ್ಚು ಹೊತ್ತು ಕೂರುತ್ತಾರೆ.

“ಎದ್ದು ಕೂರಿ. ಉಸಿರು ಎಳ್ಕೊಳ್ಳಿ… ಹಿಡೀರಿ… ಬಿಡಿ.”

ಹಿಡಿದ ಆ ಎರಡು ಮೂರು ಸೆಕೆಂಡಿನಲ್ಲಿ ಗಾಳಿ ಪಕ್ಕದ ಸಣ್ಣ ಸಂದುಗಳಿಂದ ನುಸುಳಿ ಕಫದ ಹಿಂದೆ ಸೇರುತ್ತದೆ. ಹಿಂದೆ ಗಾಳಿಯಿಲ್ಲದಿದ್ದರೆ ಎಷ್ಟು ಕೆಮ್ಮಿದರೂ ದೂಡುವುದು ಯಾವುದರಿಂದ? ಮೂರು ನಾಲ್ಕು ಸಲ ಹೀಗೆ ಎಳೆದು, ನಡುವೆ ಸಾವಧಾನವಾಗಿ ಉಸಿರಾಡಿ, ಆಮೇಲೆ ಬಾಯಿ ತೆರೆದು “ಹಾ…”, ಕನ್ನಡಕ ಒರೆಸುವ ಮೊದಲು ಗಾಜಿನ ಮೇಲೆ ಊದುವ ಹಾಗೆ. ಕೆಮ್ಮುವಾಗ ಗಂಟಲು ಮುಚ್ಚಿ ಸಿಡಿಯುತ್ತದೆ, ದುರ್ಬಲ ನಾಳಗಳು ಒತ್ತಿಹೋಗಿ ಕಫ ಒಳಗೇ ಸಿಕ್ಕಿಬೀಳುತ್ತದೆ. ತೆರೆದ ಗಂಟಲಿನ ಉದ್ದನೆಯ “ಹಾ” ತಳದ ಕಫವನ್ನು ದೊಡ್ಡ ನಾಳಕ್ಕೆ ತರುತ್ತದೆ. ತುಂಬು ಉಸಿರೆಳೆದು ಮಾಡಿದ ಚಿಕ್ಕ ಬಿರುಸಿನ “ಹಾ” ಅದನ್ನು ಗಂಟಲಿಗೆ. ಎರಡನೆಯ ಸುತ್ತಿನಲ್ಲಿ ಗೊರಗೊರ ಮೇಲೇರಿದ್ದು ನಿಮಗೂ ಕೇಳುತ್ತದೆ. ಒಂದೇ ಕೆಮ್ಮು. ಅಜ್ಜಿ ಕ್ಯಾಕರಿಸಿ ಮುಚ್ಚಳದ ಡಬ್ಬಿಗೆ ಉಗಿಯುತ್ತಾರೆ.

ಸೊಸೆ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾಳೆ. ನೀವು ಮುಖ ತಿರುಗಿಸಬೇಡಿ. ಎಂದಿನ ಮಾಸಲು ಹಳದಿ. ಹಸಿರು ಏರಿ, ಪ್ರಮಾಣ ಹೆಚ್ಚಿ, ಜ್ವರ ಬಂದರೆ ಹೊಸ ಸೋಂಕು. ರಕ್ತ ಕಂಡರೆ ತಟ್ಟುವುದನ್ನು ನಿಲ್ಲಿಸಿ ಅಂದೇ ಆಸ್ಪತ್ರೆಗೆ.

ಅಂಗಳದ ಬೇಲಿಯಲ್ಲಿ ಆಡುಸೋಗೆ ಇದೆ. ಅದರ ಕಷಾಯವನ್ನು ಗೇಲಿ ಮಾಡುವವರಿಗೆ ಒಂದು ಮಾತು: ಈ ಸೊಪ್ಪಿನ ವ್ಯಾಸಿಸಿನ್ ಎಂಬ ಸತ್ವದ ಜಾಡು ಹಿಡಿದೇ ಬ್ರೋಮ್‌ಹೆಕ್ಸಿನ್ ಹುಟ್ಟಿತು, ಅದರಿಂದ ಆಂಬ್ರಾಕ್ಸಾಲ್. ಔಷಧದಂಗಡಿಯಲ್ಲಿ ಕಫ ಸಡಿಲಿಸಲು ಕೊಡುವ ಹಲವು ಸಿರಪ್ಪುಗಳಲ್ಲಿ ಇವೇ ಇರುತ್ತವೆ. ನನ್ನ ತಕರಾರು ಕೆಮ್ಮನ್ನೇ ಅಡಗಿಸುವ ಇನ್ನೊಂದು ಜಾತಿಯ ಸಿರಪ್ಪಿನ ಮೇಲೆ. ಇಂಥ ರೋಗಿಗೆ ಅದು ರಾತ್ರಿ ನಿದ್ದೆ ಕೊಟ್ಟು ಕಫವನ್ನು ಒಳಗೇ ಉಳಿಸುತ್ತದೆ.

ಮಧ್ಯಾಹ್ನ ನೀವು ಸಾಗರದಲ್ಲಿ, ಒಂದು ಆಸ್ಪತ್ರೆಯ ವಾರ್ಡಿನಲ್ಲಿ. ಮಂಚದಲ್ಲಿ ಮಲಗಿದವರಿಗೆ ಲಕ್ವ ಹೊಡೆದಿದೆ; “ಹಾ” ಎನ್ನಲು ಬಲವಿಲ್ಲ, ಉಸಿರಾಡಲು ಕುತ್ತಿಗೆಯಲ್ಲಿ ಟ್ರಕಿಯಾಸ್ಟಮಿ ಕೊಳವೆ. ನಾಳೆ ಮನೆಗೆ. ಮಗ ಕೈಗವಸು ಹಾಕಿ ನಿಂತಿದ್ದಾನೆ, ಬೆರಳು ನಡುಗುತ್ತಿವೆ.

“ಮೊದಲು ಆಕ್ಸಿಜನ್,” ಎನ್ನುತ್ತಾರೆ ಸಿಸ್ಟರ್. ಕಫ ಎಳೆಯುವ ಸಕ್ಷನ್ ಯಂತ್ರದ ಮುಳ್ಳು 100ರಲ್ಲಿದೆ. ದೊಡ್ಡವರಿಗೆ ಪಾದರಸದ 80ರಿಂದ 120 ಮಿಲಿಮೀಟರಿನ ಎಳೆತ ಸಾಕು, ಮೀರಿದರೆ ನಾಳದ ಒಳಪೊರೆ ಕಿತ್ತು ರಕ್ತ ಬರುತ್ತದೆ. “ಸಕ್ಷನ್ ನಳಿಕೆ ಒಳಗೆ ಹಾಕುವಾಗ ಅದರ ತೂತಿನ ಮೇಲೆ ಹೆಬ್ಬೆರಳು ಇಡಬೇಡಿ. ಈಗ ಮುಚ್ಚಿ, ತಿರುಗಿಸುತ್ತ ಹೊರಗೆ.” ಸೊರ್ರ್ ಎಂದು ನಳಿಕೆಯಲ್ಲಿ ಕಫ ಓಡುತ್ತದೆ. ಆಕ್ಸಿಮೀಟರ್ 95ರಿಂದ 91ಕ್ಕೆ ಇಳಿಯುತ್ತದೆ: ಕಫದ ಜೊತೆ ಉಸಿರನ್ನೂ ಎಳೆದುಕೊಳ್ಳುತ್ತಿದ್ದಾನೆ ಹುಡುಗ. ನಳಿಕೆ ಹೊರಗೆ ಬಂದಮೇಲೆ ಅಂಕಿ ಮೆಲ್ಲಗೆ ಏರುತ್ತದೆ.

“ನಮ್ಮಲ್ಲಿ ಮಳೆಗಾಲದಲ್ಲಿ ಎರಡೆರಡು ದಿನ ಕರೆಂಟಿರಲ್ಲ ಸಿಸ್ಟರ್.”

ಅವರು ಮಂಚದಡಿಯಿಂದ ಕಾಲಿನಲ್ಲಿ ತುಳಿಯುವ ಸಕ್ಷನ್ ಯಂತ್ರ ಎಳೆದು ಅವನ ಪಾದದ ಮುಂದೆ ಇಡುತ್ತಾರೆ. “ಇದನ್ನು ತಗೊಳ್ಳಿ. ಈಗ ತುಳಿಯುತ್ತ ಮತ್ತೊಂದು ಸಲ. ಬಾಯಲ್ಲಿ ಎಣಿಸಿ, ಹತ್ತಾದ ಮೇಲೆ ಒಳಗಿರಬಾರದು.”