ಗೆದ್ದ ಮೇಲೂ ಮುಗಿಯದ ಜಗಳ

ಹೋದ ತಿಂಗಳು ಊರಿಗೆ ಹೋದಾಗ ಅಪ್ಪನ ಬೀರು ಖಾಲಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಅಪ್ಪ ಹೋಗಿ ಎರಡು ವರ್ಷವಾದರೂ ಅದನ್ನು ಯಾರೂ ಮುಟ್ಟಿರಲಿಲ್ಲ. ಕೆಳಗಿನ ಖಾನೆಯಲ್ಲಿ ಕೆಂಪು ಬಟ್ಟೆ ಸುತ್ತಿದ ಕಟ್ಟೊಂದು ಸಿಕ್ಕಿತು. ಪೂಜೆಯ ಪುಸ್ತಕವಿರಬೇಕು ಅಂತ ಬಿಚ್ಚಿದರೆ, ಕೋರ್ಟಿನ ಡಿಕ್ರಿ! ತೋಟದ ದಾರಿಯ ಕೇಸು. ಹದಿನಾಲ್ಕು ವರ್ಷ ನಡೆದು ನಾವೇ ಗೆದ್ದ ಕೇಸು.

ಗೆದ್ದೆವು ಅಂದೆನಲ್ಲ, ಗೆದ್ದ ಮೇಲೂ ಎರಡು ವರ್ಷ ಆ ದಾರಿಯಲ್ಲಿ ನಾವು ಕಾಲಿಡಲಿಲ್ಲ. ದೊಡ್ಡಪ್ಪ ದಣಪೆಗೆ ಮುಳ್ಳು ಬಡಿದಿದ್ದರು. ಅಮೀನರು ಬಂದು ತೆಗೆಸಿದರೆ ಮಾರನೆಯ ದಿನ ಮತ್ತೆ ಮುಳ್ಳು. ಗೆದ್ದವನು ಸೋತ, ಸೋತವನು ಸತ್ತ ಅನ್ನುವ ಗಾದೆ ಕಟ್ಟಿದವರು ನಮ್ಮೂರಿನವರೇ ಇರಬೇಕು. ಕೊನೆಗೆ ದಾರಿ ಬಿಡಿಸಿದ್ದು ಒಬ್ಬ ನಿವೃತ್ತ ಮೇಷ್ಟ್ರು. ಆ ಕತೆ ಆಮೇಲೆ ಹೇಳ್ತೀನಿ. ಕಟ್ಟು ಕೈಯಲ್ಲಿ ಹಿಡಿದು ಕೂತಾಗ ನನಗೆ ನೆನಪಾದದ್ದು ಮಾತ್ರ (ನಗಬೇಡಿ) ದಕ್ಷಿಣ ಅಮೆರಿಕದ ತುತ್ತತುದಿಯಲ್ಲಿರುವ ಬೀಗಲ್ ಜಲಸಂಧಿ. ದೇಶದೇಶಗಳ ಗಡಿ ಜಗಳ ಓದುವುದು ನನಗೆ ಹಳೆಯ ಚಟ. ಅದರಲ್ಲಿ ನಮ್ಮ ಮನೆಯ ಕೇಸನ್ನು ಅಷ್ಟು ಹೋಲುವ ಇನ್ನೊಂದು ಜಗಳ ನಾನು ಕಂಡಿಲ್ಲ.

ಬೀಗಲ್ ಅಂದರೆ ಡಾರ್ವಿನ್ ಪ್ರಯಾಣ ಮಾಡಿದ ಹಡಗು, ಅದರದ್ದೇ ಹೆಸರು ಈ ಜಲಸಂಧಿಗೆ. ಉತ್ತರ ದಡದಲ್ಲಿ ಅರ್ಜೆಂಟೀನಾದ ಊರು ಉಶುವಾಯಾ, ದಕ್ಷಿಣದಲ್ಲಿ ಚಿಲಿಯ ನವಾರಿನೋ ದ್ವೀಪ. 1881ರಲ್ಲಿ ಎರಡೂ ದೇಶಗಳು ಗಡಿ ಒಪ್ಪಂದ ಮಾಡಿಕೊಂಡಾಗ ಬೀಗಲ್‌ನ ದಕ್ಷಿಣಕ್ಕಿರುವ ದ್ವೀಪಗಳು ಚಿಲಿಗೆ ಎಂದು ಬರೆದುಕೊಂಡರು. ಆದರೆ ಬೀಗಲ್ ಪೂರ್ವದಲ್ಲಿ ಎಲ್ಲಿ ಮುಗಿಯುತ್ತದೆ? ಅದನ್ನು ಸರಿಯಾಗಿ ಬರೆಯಲಿಲ್ಲ. ಆ ಬಾಯಿಯಲ್ಲೇ ಪಿಕ್ಟನ್, ಲೆನಾಕ್ಸ್, ನುಯೆವಾ ಅಂತ ಮೂರು ದ್ವೀಪಗಳು. ವಿಪರೀತ ಗಾಳಿ, ಚಳಿ, ಜನ ಹೆಚ್ಚಿಲ್ಲದ ಜಾಗ. ಅದಕ್ಕಾಗಿ ತಲೆಮಾರುಗಟ್ಟಲೆ ತಕರಾರು.

1971ರಲ್ಲಿ ಇಬ್ಬರೂ ಆರ್ಬಿಟ್ರೇಷನ್‌ಗೆ ಒಪ್ಪಿದರು. ಅಂತರರಾಷ್ಟ್ರೀಯ ನ್ಯಾಯಾಲಯದ ಐವರು ನ್ಯಾಯಾಧೀಶರು ಕೂತು ತೀರ್ಮಾನಿಸುವುದು, ಬ್ರಿಟನ್ನಿನ ರಾಣಿಯ ಹೆಸರಿನಲ್ಲಿ ಅದು ಪ್ರಕಟವಾಗುವುದು ಎಂದು ವ್ಯವಸ್ಥೆ. 1977ರ ಮೇ 2ರಂದು ತೀರ್ಪು ಹೊರಬಿತ್ತು: ಮೂರೂ ದ್ವೀಪ ಚಿಲಿಯದು. ಚಿಲಿಗೆ ಡಿಕ್ರಿ ಸಿಕ್ಕಿತು! 1978ರ ಜನವರಿಯಲ್ಲಿ ಅರ್ಜೆಂಟೀನಾ, ಈ ತೀರ್ಪು ನಮ್ಮ ಪಾಲಿಗೆ ಅಸಿಂಧು ಎಂದು ಹೇಳಿ ಮುಳ್ಳು ಬಡಿಯಿತು. ಅಮೀನರನ್ನು ಕಳಿಸೋಣವೆಂದರೆ ದೇಶಗಳ ನಡುವೆ ಅಮೀನರೆಲ್ಲಿ?

ಆ ವರ್ಷ ಪೂರ್ತಿ ಮಾತುಕತೆ, ಮುರಿದು ಬೀಳುವುದು, ಮತ್ತೆ ಮಾತುಕತೆ. ಎರಡೂ ಕಡೆ ಮಿಲಿಟರಿ ಸರ್ಕಾರ, ಅಲ್ಲಿ ಪಿನೊಚೆ, ಇಲ್ಲಿ ವಿದೆಲಾ. ಡಿಸೆಂಬರ್ ಹೊತ್ತಿಗೆ ಅರ್ಜೆಂಟೀನಾದ ಯುದ್ಧನೌಕೆಗಳು ದಕ್ಷಿಣಕ್ಕೆ ಹೊರಟಿದ್ದವು. ಇನ್ನೇನು ಗುಂಡು ಹಾರಬೇಕು ಅನ್ನುವಾಗ, ಪೋಪ್ ಆಗಿ ಎರಡೇ ತಿಂಗಳಾಗಿದ್ದ ಎರಡನೇ ಜಾನ್ ಪಾಲ್, ನನ್ನ ಪ್ರತಿನಿಧಿಯನ್ನು ಕಳಿಸುತ್ತೇನೆ ಎಂದು ಇಬ್ಬರಿಗೂ ತಿಳಿಸಿದರು. ಕ್ರಿಸ್‌ಮಸ್‌ನ ಮಾರನೆಯ ದಿನ ಬ್ಯೂನಸ್ ಐರಿಸ್‌ನಲ್ಲಿ ಇಳಿದದ್ದು ಆಂತೋನಿಯೋ ಸಮೋರೆ ಎಂಬ 73 ವರ್ಷದ ಕಾರ್ಡಿನಲ್. ಆ ಮುದುಕ ಅಲ್ಲಿಂದ ಸಾಂಟಿಯಾಗೋ, ಮತ್ತೆ ಬ್ಯೂನಸ್ ಐರಿಸ್ ಎಂದು ಓಡಾಡಿ, 1979ರ ಜನವರಿ 8ಕ್ಕೆ ಮಾಂಟೆವಿಡಿಯೋದಲ್ಲಿ ಇಬ್ಬರಿಂದಲೂ ಸಹಿ ಹಾಕಿಸಿದರು. ಬಲ ಪ್ರಯೋಗಿಸುವುದಿಲ್ಲ, ಸೈನ್ಯ ಹಿಂದಕ್ಕೆ ಸರಿಯುತ್ತದೆ, ಪೋಪ್ ಸಂಧಾನ ಮಾಡಲಿ. ಇಷ್ಟೇ. ದ್ವೀಪದ ಮಾತು ಒಂದೂ ಇತ್ಯರ್ಥವಾಗಿರಲಿಲ್ಲ.

ಇಲ್ಲಿಂದ ಮುಂದಿನದು ನನಗೆ ಬಹಳ ಇಷ್ಟದ ಭಾಗ. ನ್ಯಾಯಾಧೀಶರು ಕೇಳಿಕೊಂಡ ಪ್ರಶ್ನೆ, 1881ರ ಕಾಗದದ ಪ್ರಕಾರ ದ್ವೀಪ ಯಾರದು ಎಂಬುದು. ಅವರ ಕೆಲಸವೇ ಅದು, ತಪ್ಪೇನಿಲ್ಲ. ಆದರೆ ಅರ್ಜೆಂಟೀನಾದ ನಿದ್ದೆ ಕೆಡಿಸಿದ್ದು ಆ ಕಲ್ಲು ದ್ವೀಪಗಳಲ್ಲ, ಅವುಗಳ ಹಿಂದೆ ಬರುವ ಸಮುದ್ರ. 1881ರಲ್ಲಿ ದಡದಿಂದ ಇನ್ನೂರು ನಾಟಿಕಲ್ ಮೈಲಿ ಸಮುದ್ರ ನನ್ನದು ಎಂದು ಯಾರೂ ಕನಸು ಕಂಡಿರಲಿಲ್ಲ. 1970ರ ದಶಕಕ್ಕೆ ಅದೇ ಮಾತು ಲೋಕದ ತುಂಬಾ ನಡೆಯುತ್ತಿತ್ತು. ದ್ವೀಪ ಚಿಲಿಯದಾದರೆ ಅದರ ಬೆನ್ನಿಗೆ ಚಿಲಿ ಅಟ್ಲಾಂಟಿಕ್‌ಗೂ ಬಂದು ಕೂರುತ್ತದೆ. ಅಟ್ಲಾಂಟಿಕ್ ನಮ್ಮದು, ಪೆಸಿಫಿಕ್ ನಿಮ್ಮದು ಎಂಬುದು ಅರ್ಜೆಂಟೀನಾದ ಹಳೆಯ ಪಲ್ಲವಿ. ಸಂಧಾನಕಾರರು ಮಾಡಿದ್ದು ನೆಲವನ್ನೂ ನೀರನ್ನೂ ಬೇರೆ ಬೇರೆ ಬಿಡಿಸಿಟ್ಟದ್ದು. 1984ರ ನವೆಂಬರ್ 29ರಂದು ವ್ಯಾಟಿಕನ್ನಿನಲ್ಲಿ ಸಹಿಯಾದ ಒಪ್ಪಂದದಲ್ಲಿ ದ್ವೀಪಗಳು ಚಿಲಿಗೆ, ಆಚೆಯ ಸಮುದ್ರದ ಬಹುಪಾಲು ಅರ್ಜೆಂಟೀನಾಕ್ಕೆ.

ಅಂದರೆ ಗೆದ್ದವನೇ ಬಿಟ್ಟುಕೊಟ್ಟ. ಇದನ್ನು ಸಂಧಾನವನ್ನು ಹೊಗಳುವವರು ಅಷ್ಟಾಗಿ ಹೇಳುವುದಿಲ್ಲ. ಇನ್ನೊಂದನ್ನೂ ಹೇಳಬೇಕು. ಪೋಪ್ 1980ರ ಡಿಸೆಂಬರಿನಲ್ಲೇ ಒಂದು ಪ್ರಸ್ತಾಪ ಕೊಟ್ಟಿದ್ದರು. ಚಿಲಿ ಒಪ್ಪಿತು, ಅರ್ಜೆಂಟೀನಾ ಒಪ್ಪಲಿಲ್ಲ. ಅದು ಹಾದಿಗೆ ಬಂದದ್ದು 1982ರಲ್ಲಿ ಫಾಕ್‌ಲ್ಯಾಂಡ್ಸ್‌ನಲ್ಲಿ ಸೋತು, ಜನರಲ್‌ಗಳು ತೊಲಗಿ, 1983ರ ಕೊನೆಗೆ ಆಲ್ಫೊನ್ಸಿನ್ ಚುನಾಯಿತರಾಗಿ ಬಂದ ಮೇಲೆ. ಅವರು ಜನರ ಮುಂದೆ ಇಟ್ಟಾಗ ಮತ ಹಾಕಿದವರಲ್ಲಿ ಶೇಕಡಾ 80ಕ್ಕಿಂತ ಹೆಚ್ಚು ಮಂದಿ ಹೂಂ ಅಂದರು. ಹಾಗಾದರೆ ಸಂಧಾನಕಾರರ ಪವಾಡವೇನು ಬಂತು? ನನ್ನ ಪ್ರಕಾರ ಆರು ವರ್ಷ ಇಬ್ಬರನ್ನೂ ಎದ್ದು ಹೋಗದಂತೆ ಕೂರಿಸಿಟ್ಟದ್ದು. ಕಾಲ ಬದಲಾಗುವ ತನಕ ಕೂರಿಸಿಡುವುದು ಸಣ್ಣ ಕೆಲಸವಲ್ಲ. ಸಮೋರೆ ಅದರ ಫಲ ನೋಡಲಿಲ್ಲ, 1983ರ ಫೆಬ್ರವರಿಯಲ್ಲೇ ತೀರಿಕೊಂಡರು. ಆಂಡಿಸ್‌ನಲ್ಲಿ ಎರಡು ದೇಶಗಳನ್ನು ಸೇರಿಸುವ ಒಂದು ಕಣಿವೆ ದಾರಿಗೆ ಈಗ ಅವರ ಹೆಸರಿದೆ. ಜಗಳ ಬಿಡಿಸಿದವನ ಹೆಸರು ದಾರಿಗೆ!

ಈಚೆಗೆ ಇಂಥದ್ದು ಹೆಚ್ಚುತ್ತಿದೆ. ಪುಟ್ಟ ಟಿಮೋರ್ ಲೆಸ್ಟೆಯ ಸಂಗತಿ ನೋಡಿ. ಆ ದೇಶ ಸ್ವತಂತ್ರವಾಗುವುದಕ್ಕೆ ಎರಡು ತಿಂಗಳು ಮೊದಲು, 2002ರ ಮಾರ್ಚಿನಲ್ಲಿ, ಸಮುದ್ರ ಗಡಿಯ ವಿಷಯದಲ್ಲಿ ನಮ್ಮನ್ನು ಕೋರ್ಟಿಗೆ ಎಳೆಯುವಂತಿಲ್ಲ ಎಂದು ಆಸ್ಟ್ರೇಲಿಯಾ ಬಾಗಿಲು ಹಾಕಿಕೊಂಡಿತ್ತು. ವಿಶ್ವಸಂಸ್ಥೆಯ ಸಮುದ್ರ ಕಾನೂನಿನಲ್ಲಿ ಒಂದು ಕಿಟಕಿ ತೆರೆದಿತ್ತು. ಎದುರಾಳಿಗೆ ಇಷ್ಟವಿಲ್ಲದಿದ್ದರೂ ಸಂಧಾನ ಮಂಡಳಿಯ ಮುಂದೆ ಕರೆಯಬಹುದು, ಆದರೆ ಮಂಡಳಿ ಹೇಳಿದ್ದನ್ನು ಒಪ್ಪಲೇಬೇಕೆಂದಿಲ್ಲ. 2016ರಲ್ಲಿ ಟಿಮೋರ್ ಅದನ್ನೇ ಮೊದಲ ಬಾರಿ ಬಳಸಿತು. ಆಸ್ಟ್ರೇಲಿಯಾ ಮೊದಲು ತಕರಾರು ತೆಗೆದು ಆಮೇಲೆ ಕೂತಿತು. 2018ರ ಮಾರ್ಚ್ 6ರಂದು ಗಡಿ ಒಪ್ಪಂದಕ್ಕೆ ಸಹಿ ಬಿತ್ತು. ಅನಿಲದ ಪೈಪ್‌ಲೈನ್ ಯಾವ ದಡಕ್ಕೆ ಹೋಗಬೇಕು ಎಂಬುದನ್ನು ಮಾತ್ರ ಹಾಗೇ ಬಿಟ್ಟರು. ಟಿಮೋರಿಗೆ ಬಂದರೆ ಅದರ ಪಾಲು ಶೇಕಡಾ 70, ಆಸ್ಟ್ರೇಲಿಯಾಕ್ಕೆ ಹೋದರೆ 80 ಎಂದು ಬರೆದಿಟ್ಟು ಎದ್ದರು. ವ್ಯಾಪಾರದ ಜಗಳಗಳಿಗೆ 2019ರಲ್ಲಿ ಸಿಂಗಾಪುರದಲ್ಲಿ ಒಂದು ಒಡಂಬಡಿಕೆಗೆ ಮೊದಲ ದಿನವೇ ಭಾರತವೂ ಸೇರಿ 46 ದೇಶ ಸಹಿ ಹಾಕಿದವು. ಸಂಧಾನದಲ್ಲಿ ಆದ ಮಾತು ಬೇರೆ ದೇಶದ ಕೋರ್ಟಿನಲ್ಲೂ ನಿಲ್ಲಲಿ ಎಂಬುದೇ ಅದರ ತಿರುಳು. 2025ರಲ್ಲಿ ಚೀನಾದ ಮುಂದಾಳತ್ವದಲ್ಲಿ ಹಾಂಗ್‌ಕಾಂಗಿನಲ್ಲಿ ಸಂಧಾನಕ್ಕೆಂದೇ ಒಂದು ಅಂತರರಾಷ್ಟ್ರೀಯ ಸಂಸ್ಥೆ ಹುಟ್ಟಿತು, ಅದೂ ಹಳೆಯ ಪೊಲೀಸ್ ಠಾಣೆಯ ಕಟ್ಟಡದಲ್ಲಿ. ದೊಡ್ಡವನ ಮನೆಯ ಜಗಲಿಯಲ್ಲಿ ಪಂಚಾಯ್ತಿ ಸೇರಿದರೆ ಸಣ್ಣವನಿಗೆ ಎಷ್ಟು ಮಾತಾಡಲು ಬಿಡುತ್ತಾರೆ ಅಂತ ನನಗೆ ಅನುಮಾನವಿದೆ. ಕಾದು ನೋಡಬೇಕು.

ಈಗ ಮೇಷ್ಟ್ರ ಕತೆ. ಅವರು ಡಿಕ್ರಿ ತೋರಿಸಿ ಎಂದು ಒಮ್ಮೆಯೂ ಕೇಳಲಿಲ್ಲ. ಒಂದು ಸಂಜೆ ನಮ್ಮ ಜಗಲಿ, ಒಂದು ಸಂಜೆ ದೊಡ್ಡಪ್ಪನ ಜಗಲಿ, ಎಲೆಯಡಿಕೆ, ಊರ ಸುದ್ದಿ. ಸುಮಾರು ಒಂದು ತಿಂಗಳಾದ ಮೇಲೆ ಅಪ್ಪನಿಗೆ ಹೇಳಿದರು, "ಅವನಿಗೆ ದಾರಿದ್ದಲ್ಲ ಮಾರಾಯ, ನೀರಿನ ಹೆದರಿಕೆ." ಗುಡ್ಡದ ಅಬ್ಬಿಯಿಂದ ದೊಡ್ಡಪ್ಪನ ತೋಟಕ್ಕೆ ನೀರು ಬರುವ ಕಾಲುವೆ ಆ ದಾರಿಯ ಅಂಚಿನಲ್ಲೇ ಇತ್ತು. ಇವತ್ತು ದಾರಿ ಹೋಯಿತು, ನಾಳೆ ನೀರೂ ಹೋದೀತು! ಹದಿನಾಲ್ಕು ವರ್ಷದ ಕಾಗದಗಳಲ್ಲಿ ನೀರು ಎಂಬ ಶಬ್ದವೇ ಇರಲಿಲ್ಲ. ನೀರಿನ ತಂಟೆಗೆ ಬರುವುದಿಲ್ಲ ಎಂದು ಅಪ್ಪ ಮಾತು ಕೊಟ್ಟರು, ದಾರಿ ಪಕ್ಕದ ಎರಡು ಹಲಸಿನ ಮರವನ್ನೂ ಬಿಟ್ಟರು. ಮುಳ್ಳು ಹೋಯಿತು. ಆ ರಾತ್ರಿ ಅಪ್ಪ ಊಟ ಮಾಡಲಿಲ್ಲ. "ಹಾಗಾದ್ರೆ ನಾನು ಗೆದ್ದಿದ್ದೇನು?" ಎಂದು ಅಮ್ಮನನ್ನು ಕೇಳಿದ್ದು ನನಗಿನ್ನೂ ನೆನಪಿದೆ. ಆಮೇಲೆ ಆ ಮರದ ಹಣ್ಣು ಮನೆಗೆ ಬಂದಾಗಲೆಲ್ಲ ಅವರು ಮುಟ್ಟುತ್ತಿರಲಿಲ್ಲ.

ಇದ್ಯಾವುದನ್ನೂ ಯಾರೂ ಬರೆದಿಡಲಿಲ್ಲ. ಚಿಲಿ, ಅರ್ಜೆಂಟೀನಾದವರು ಮುಂದೆ ಜಗಳ ಬಂದರೆ ಹೇಗೆ ಬಗೆಹರಿಸಿಕೊಳ್ಳಬೇಕು ಎಂಬುದನ್ನೂ ಒಪ್ಪಂದದಲ್ಲೇ ಸೇರಿಸಿದ್ದರು. ನಮ್ಮಲ್ಲಿದ್ದದ್ದು ಮೇಷ್ಟ್ರ ಬಾಯಿಮಾತು, ಮೇಷ್ಟ್ರು ಈಗಿಲ್ಲ. ದೊಡ್ಡಪ್ಪನ ಮಗ ತೋಟ ಮಾರಲು ಹೊರಟಿದ್ದಾನೆ. ಕೊಳ್ಳುವವರು ದಾರಿಗೆ, ನೀರಿಗೆ ಕಾಗದ ಕೇಳುತ್ತಿದ್ದಾರಂತೆ. ನಾನು ಕಟ್ಟು ಬಿಚ್ಚಿಕೊಂಡು ಕೂತಿದ್ದಾಗಲೇ ಅವನು ಅಂಗಳಕ್ಕೆ ಬಂದ. ನನ್ನ ತೊಡೆಯ ಮೇಲಿದ್ದ ಕೆಂಪು ಬಟ್ಟೆ ನೋಡಿ ಒಂದು ಗಳಿಗೆ ಸುಮ್ಮನಿದ್ದು, "ಚಿಕ್ಕಪ್ಪಂದು ಡಿಕ್ರೀನಾ?" ಅಂದ. ಹೌದು ಅಂದೆ. ಭಾನುವಾರ ಸ್ಟಾಂಪ್ ಪೇಪರ್ ತರ್ತೀನಿ, ನೀನೇ ಬರೆದುಕೊಡು, ನಿನ್ನ ಅಕ್ಷರ ಚೆನ್ನಾಗಿದೆ ಅಂದ. ನೀರಿನದನ್ನು ಮೊದಲು ಬರೀಬೇಕು ಅಂತ ಹೇಳಿ, ಕಾಫಿ ಮಾಡಲು ಒಳಗೆ ಹೋದೆ.