ಮೆಣಸಿನ ಘಾಟು ಮತ್ತು ಮೂರು ಕ್ಯಾಪ್ಸೂಲು

ಚಂದಗಡದಲ್ಲಿ ನಮ್ಮದು ಕಿರಾಣಿ ಅಂಗಡಿ. ನಲವತ್ತು ವರ್ಷಗಳಿಂದ ಗಡಹಿಂಗ್ಲಜ ಪೇಟೆಯ ಸಂಕೇಶ್ವರಿ ಮೆಣಸಿನಕಾಯಿ ತಂದು ಮಾರುತ್ತ ಬಂದಿದ್ದೇವೆ. ಚೀಲ ಬಿಚ್ಚಿದರೆ ಸಾಕು, ಕಣ್ಣು ಮೂಗು ಸೋರಿ ಕೆಮ್ಮು ಹತ್ತುತ್ತದೆ. ಈ ಘಾಟಿಗೂ ಕ್ಯಾನ್ಸರ್ ರೋಗಿಯ ವಾಂತಿಗೂ ಒಳಗೊಳಗೇ ನಂಟಿದೆ ಎಂಬುದು 2019ರವರೆಗೆ ನಮಗೆ ಗೊತ್ತಿರಲಿಲ್ಲ.

ಆ ವರ್ಷ ನಮ್ಮ ಮನೆಯವರಿಗೆ ಎದೆಯಲ್ಲಿ ಗಂಟು ಕಾಣಿಸಿತು. ಆಪರೇಷನ್ ಆದ ಮೇಲೆ ಕೊಲ್ಹಾಪುರದಲ್ಲಿ ಇಪ್ಪತ್ತೊಂದು ದಿನಕ್ಕೊಮ್ಮೆ ಕೀಮೋ. ವಾಂತಿ ತಡೆಯಲು ಅಪ್ರೆಪಿಟೆಂಟ್ ಎಂಬ ಮೂರು ಕ್ಯಾಪ್ಸೂಲು ಬರೆದುಕೊಟ್ಟರು. ಕೀಮೋಕ್ಕೆ ಒಂದು ತಾಸು ಮೊದಲು 125 ಮಿಲಿಗ್ರಾಂ, ಮುಂದಿನ ಎರಡು ದಿನ 80ರಂತೆ. ಮನೆಯವರು ಅದನ್ನು ಕೈಯಲ್ಲಿ ಹಿಡಿದು, "ಇದರ ಸಿಪ್ಪಿ ಯಾತರದ್ರೀ?" ಎಂದು ಕೇಳಿದರು. ಔಷಧಿ ಅಂಗಡಿಯಲ್ಲಿ ವಿಚಾರಿಸಿದೆವು. ಜಿಲೆಟಿನ್, ಅಂದರೆ ಪ್ರಾಣಿಗಳ ಎಲುಬು, ಚರ್ಮದಿಂದ ತೆಗೆದದ್ದು. ಅವರು ಮಾತಾಡದೆ ಅದನ್ನು ತಿರುಗಿ ಪೊಟ್ಟಣದಲ್ಲಿಟ್ಟರು. ಸಂಕೋಚಪಟ್ಟು ನಾವೂ ಡಾಕ್ಟರರಿಗೆ ಹೇಳಲಿಲ್ಲ. ವ್ಯಾಪಾರದಲ್ಲಿ ಬಾಯಿ ಸತ್ತವರಲ್ಲ ನಾವು, ಆದರೆ ಅಂದು ಬಾಯಿ ಬರಲಿಲ್ಲ.

ಮೊದಲ ರಾತ್ರಿ ಹೇಗೋ ಕಳೆಯಿತು. ಮರುದಿನ ಹತ್ತಿದ ವಾಂತಿ ಮೂರು ದಿನ ಬಿಡಲಿಲ್ಲ. ಹೊತ್ತು ಮುಳುಗಿದ ಮೇಲೆ ನೀರೂ ಮುಟ್ಟದ ಜೀವ. ಬೆಳಗಾಗುವುದರಲ್ಲಿ ತುಟಿ ಒಣಗಿ ಕಣ್ಣು ಗುಳಿಬಿದ್ದಿತ್ತು. ಕಡೆಗೆ ಊರಿನ ಡಾಕ್ಟರರನ್ನು ಕರೆಸಿ ಸಲಾಯಿನ್ ಹಚ್ಚಿಸಿದೆವು. ಇನ್ನು ಕೀಮೋ ಬೇಡವೇ ಬೇಡ ಎಂದರು ಮನೆಯವರು.

ಮುಂದಿನ ಭೇಟಿಯಲ್ಲಿ ತಲೆ ತಗ್ಗಿಸಿ ನಿಜ ಹೇಳಿದೆವು. ಡಾಕ್ಟರರು ಸಿಟ್ಟಾಗಲಿಲ್ಲ. ನಮ್ಮ ಧಂದೆ ಕೇಳಿ, ಮೆಣಸಿನಕಾಯಿಂದಲೇ ತಿಳಿಸಿ ಹೇಳಿದರು. ಖಾರ ತಾಗಿದಾಗ ನಮ್ಮ ನರಗಳ ತುದಿಯಿಂದ 'ಸಬ್‌ಸ್ಟೆನ್ಸ್ ಪಿ' ಎಂಬ ವಸ್ತು ಹೊರಬೀಳುತ್ತದೆ. 1931ರಲ್ಲಿ ಫಾನ್ ಆಯ್ಲರ್, ಗ್ಯಾಡಮ್ ಎಂಬ ಇಬ್ಬರು ಇದನ್ನು ಕಂಡುಹಿಡಿದರು. ಇದು ಹೋಗಿ ಕೂಡುವ ಜಾಗಕ್ಕೆ ನ್ಯೂರೋಕೈನಿನ್ ರಿಸೆಪ್ಟರ್ ಎಂದು ಹೆಸರು. ಕನ್ನಡದ ಆರೋಗ್ಯ ಪುಸ್ತಕಗಳಲ್ಲಿ ರಿಸೆಪ್ಟರಿಗೆ 'ಗ್ರಾಹಕ' ಎಂದೇ ಬರೆಯುತ್ತಾರೆ. ಇದು ನಮ್ಮಂಥವರಿಗೆ ಬೇಗ ತಿಳಿಯುವ ಮಾತು. ಈ ಗ್ರಾಹಕಗಳಲ್ಲಿ ಮೂರು ನಮೂನೆ. ಸಬ್‌ಸ್ಟೆನ್ಸ್ ಪಿ ಹೆಚ್ಚಾಗಿ ಹೋಗುವುದು ಒಂದನೆಯದಕ್ಕೆ, ಅದು ಮಿದುಳಿನಲ್ಲಿ ವಾಂತಿ ಹುಟ್ಟುವ ಕಡೆಯೂ ಇದೆ. ಕೀಮೋದ ಮೊದಲ ದಿನದ ವಾಂತಿಗೆ ಮುಖ್ಯ ಕಾರಣ ಸಿರೊಟೋನಿನ್ ಎಂಬ ಬೇರೆ ವಸ್ತು. ಅದಕ್ಕೆ ಸಲಾಯಿನ್‌ನಲ್ಲೇ ಔಷಧಿ ಕೊಟ್ಟಿರುತ್ತಾರೆ. ಎರಡನೆಯ ದಿನದಿಂದ ಸಬ್‌ಸ್ಟೆನ್ಸ್ ಪಿಯದೇ ಜೋರು. ಅಪ್ರೆಪಿಟೆಂಟ್ ಮೊದಲೇ ಹೋಗಿ ಆ ಗ್ರಾಹಕವನ್ನು ಹಿಡಿದುಕೊಂಡರೆ, ಬಂದ ಮಾಲಿಗೆ ಗಿರಾಕಿಯಿಲ್ಲ! ಅಮೆರಿಕದಲ್ಲಿ 2003ರಲ್ಲಿ ಇದಕ್ಕೆ ಮಂಜೂರಿ ಸಿಕ್ಕಿತು. ಇದೇ ಔಷಧಿಯನ್ನು ಮನಸ್ಸಿನ ಖಿನ್ನತೆಗೂ ಕೊಟ್ಟು ನೋಡಿದರಂತೆ, ಫಲಿಸಲಿಲ್ಲ. ಮೂರನೆಯ ನಮೂನೆಯ ಗ್ರಾಹಕವನ್ನು ತಡೆಯುವ ಗುಳಿಗೆ, ಮುಟ್ಟು ನಿಲ್ಲುವ ವಯಸ್ಸಿನ ಹೆಣ್ಣುಮಕ್ಕಳ ಮೈಬಿಸಿಗೆಂದು 2023ರಲ್ಲಿ ಅಲ್ಲಿ ಮಂಜೂರಾಗಿದೆ.

ಅಷ್ಟು ಹೇಳಿ ಡಾಕ್ಟರರು, ಕ್ಯಾಪ್ಸೂಲು ಬೇಡವಾದರೆ ಇದರದೇ ಇಂಜೆಕ್ಷನ್ ಇದೆ ಎಂದರು. ಫಾಸ್‌ಅಪ್ರೆಪಿಟೆಂಟ್, 150 ಮಿಲಿಗ್ರಾಂ, ಕೀಮೋದ ದಿನ ಒಂದೇ ಸಲ ನರದಲ್ಲಿ. ದೇಹದೊಳಗೆ ಹೋಗಿ ಅದು ಅಪ್ರೆಪಿಟೆಂಟೇ ಆಗುತ್ತದೆ. ಸಿಪ್ಪಿಯ ಮಾತೇ ಇಲ್ಲ. ಬಾಯಿಬಿಟ್ಟು ಕೇಳಿದ್ದರೆ ಮೊದಲ ಸಲವೇ ಸಿಗುತ್ತಿತ್ತು.

ಉಳಿದ ಮೂರು ಕೀಮೋಕ್ಕೂ ಅದನ್ನೇ ಕೊಟ್ಟರು. ಹೊಟ್ಟೆ ತೊಳಸುವುದು ಪೂರ್ತಿ ಹೋಗಲಿಲ್ಲ, ಆದರೆ ಆ ಪರಿ ವಾಂತಿ ಮತ್ತೆ ಆಗಲಿಲ್ಲ. ಎರಡನೆಯ ಕೀಮೋ ಆಗಿ ಮೂರನೆಯ ದಿನ ಸಂಜೆ ಐದಕ್ಕೇ ಮನೆಯವರು ಅನ್ನ ಸಾರು ಕೇಳಿ ಉಂಡರು. ಸಾರಿಗೆ ಖಾರ ಸಾಲದು ಎಂದು ಸೊಸೆಗೆ ಹೇಳುತ್ತಿದ್ದುದು ಪಡಸಾಲೆಯಲ್ಲಿ ಕೂತ ನಮಗೆ ಕೇಳಿಸಿತು.