ಬ್ರೇಕಿನ ಸದ್ದೂ ನಾವು ಹೇಳಿದ ಸುಳ್ಳೂ

ದಿಂಬಂ ಘಟ್ಟ ಇಳಿದವರಿಗೆ ಅದರ ವಿಷಯ ಹೆಚ್ಚು ಹೇಳಬೇಕಾಗಿಲ್ಲ. ತಾಳವಾಡಿ ಕಡೆಯವರು ಸತ್ಯಮಂಗಲಕ್ಕೆ ಹೋಗಬೇಕೆಂದರೆ 27 ಹೇರ್‌ಪಿನ್ ತಿರುವು ಇಳಿಯಲೇಬೇಕು. ಸುತ್ತಲೂ 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾದ ಕಾಡು. ತಿರುವಿನಲ್ಲಿ ಎದುರಿಗೆ ಲಾರಿಯೂ ಬರಬಹುದು, ಆನೆಯೂ ನಿಂತಿರಬಹುದು. ಕಚೇರಿಯ ಕೆಲಸ, ತರಬೇತಿ, ಮಕ್ಕಳ ಸ್ಪರ್ಧೆ, ಎಲ್ಲವೂ ಕೆಳಗೆ. ನಾವು ಕನ್ನಡ ಶಾಲೆಯವರು ಮೇಲೆ.

ನಾವಿಬ್ಬರು ಒಂದೇ ಶಾಲೆಯ ಮೇಷ್ಟ್ರುಗಳು. ಇಬ್ಬರೂ ಟಿ.ಸಿ.ಎಚ್. ಮಾಡಿ ಆಮೇಲೆ ಬಿ.ಎ. ಕಟ್ಟಿದವರು. ಇಬ್ಬರೂ ಸೇರಿ ಹಣ ಹಾಕಿ ಹಳೆಯ ಸ್ವಿಫ್ಟ್ ಕಾರೊಂದನ್ನು ಕೊಂಡಿದ್ದೇವೆ. ಅದಕ್ಕೇ ಈ ಬರಹದಲ್ಲಿ ಎಲ್ಲವೂ ‘ನಾವು’. ತಪ್ಪು ಮಾಡಿದವರು ಯಾರು ಎಂದು ನೀವು ಕೇಳಿದರೂ ನಾವು ಹೇಳುವುದಿಲ್ಲ!

ವಿಷಯಕ್ಕೆ ಬರುತ್ತೇವೆ. ಗೋಬಿಚೆಟ್ಟಿಪಾಳ್ಯದಲ್ಲಿ ವಿಜ್ಞಾನ ವಸ್ತುಪ್ರದರ್ಶನವಿತ್ತು. ಮೂರು ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟೆವು. ಬ್ರೇಕ್ ಒತ್ತಿದಾಗಲೆಲ್ಲ ಮುಂದಿನ ಚಕ್ರದಿಂದ ಕಿರ್ ಎಂಬ ಸದ್ದು. ಎರಡು ತಿಂಗಳಿಂದ ಕೇಳಿ ಕೇಳಿ ನಮ್ಮ ಕಿವಿಗೆ ಒಗ್ಗಿಹೋಗಿತ್ತು. ಆರೋ ಏಳೋ ತಿರುವು ಇಳಿದಿದ್ದೆವು, ಹಿಂದಿನಿಂದ ಒಬ್ಬ ಹುಡುಗಿ, “ಸಾರ್, ಅದೇನ್ ಸದ್ದು?” ಎಂದಳು. “ಏನಿಲ್ಲ ಕಣಮ್ಮ, ದೂಳು ಸೇರ್ಕೊಂಡದೆ” ಎಂದೆವು. ಅವಳು ಸುಮ್ಮನಾದಳು. ಮೇಷ್ಟ್ರು ಹೇಳಿದ ಮೇಲೆ ಮುಗಿಯಿತಲ್ಲ.

ಅವತ್ತು ಬಣ್ಣಾರಿ ಅಮ್ಮನ ಗುಡಿ ಮುಂದೆ ನಿಲ್ಲಿಸಿದಾಗ ಮುಂದಿನ ಚಕ್ರದಿಂದ ಸುಟ್ಟ ವಾಸನೆ ಬರುತ್ತಿತ್ತು. ಕೈ ಮುಗಿದು, ತೆಂಗಿನಕಾಯಿ ಒಡೆದು ಮುಂದೆ ಹೋದೆವು.

ಹಬ್ಬಕ್ಕೆ ನಮ್ಮ ಹಳೇ ವಿದ್ಯಾರ್ಥಿಯೊಬ್ಬ ಊರಿಗೆ ಬಂದಿದ್ದ. ನಮ್ಮಲ್ಲೇ ಕನ್ನಡದಲ್ಲಿ ಓದಿದವನು, ಈಗ ಸತ್ಯಮಂಗಲದ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್. ನಮ್ಮ ಕಾರು ಬಂದು ನಿಂತ ಸದ್ದು ಕೇಳಿಯೇ ಹತ್ತಿರ ಬಂದ. ಮೊಬೈಲಿನ ಟಾರ್ಚು ಹಿಡಿದು ಚಕ್ರದ ಸಂದಿಯಿಂದ ಇಣುಕಿ ನೋಡಿದ. “ಸಾ, ಇದ್ನ ಇನ್ನ ಓಡಿಸ್ಬ್ಯಾಡಿ. ಪ್ಯಾಡು ಮುಗ್ದೋಗದೆ, ಡಿಸ್ಕೂ ಹೋಯ್ತು” ಎಂದ.

ಆ ಕಿರ್ ಸದ್ದು ಏನೆಂದು ಆಗ ತಿಳಿಯಿತು. ಬ್ರೇಕ್ ಪ್ಯಾಡು ಎಂದರೆ ಉಕ್ಕಿನ ತಗಡಿಗೆ ಅಂಟಿಸಿದ ಗಟ್ಟಿ ಪದಾರ್ಥ. ಅದು ಸವೆದು ತೆಳುವಾದಾಗ, ಪ್ಯಾಡಿನಲ್ಲೇ ಇಟ್ಟಿರುವ ಒಂದು ಚಿಕ್ಕ ಲೋಹದ ನಾಲಿಗೆ ತಿರುಗುವ ಡಿಸ್ಕಿಗೆ ತಾಗಿ ಕಿರುಚುತ್ತದೆ. ‘ನನ್ನನ್ನು ಬದಲಾಯಿಸಿ’ ಎಂದು ಕೂಗಲೆಂದೇ ಅದನ್ನು ಇಟ್ಟಿರುವುದು. ಅದಕ್ಕೂ ಕಿವಿಗೊಡದಿದ್ದರೆ ಪ್ಯಾಡು ಪೂರ್ತಿ ಸವೆದು ಉಕ್ಕಿಗೆ ಉಕ್ಕು ಉಜ್ಜಿ, ಡಿಸ್ಕಿನ ಮೇಲೆ ಉಳುಮೆ ಮಾಡಿದಂತೆ ಗೆರೆ ಬೀಳುತ್ತದೆ. ನಾವು ಅಲ್ಲಿಯವರೆಗೂ ಹೋಗಿದ್ದೆವು.

ಇನ್ನು ಬ್ರೇಕು ಹೋದ ಕಾರನ್ನು ಬ್ರೇಕು ಹಾಕಿಸಲು ಓಡಿಸಿಕೊಂಡು ಹೋಗುವುದು ಹೇಗೆ? “ನಾನೇ ಸಾಮಾನು ತತ್ತೀನಿ ಸಾ, ಮನೇಲೇ ಹಾಕ್ಬುಡವ” ಎಂದ. ಮುಂದಿನ ಶನಿವಾರ ರಾತ್ರಿ ಬಸ್ಸಿನಲ್ಲಿ ಎರಡು ಡಿಸ್ಕು, ಒಂದು ಸೆಟ್ಟು ಪ್ಯಾಡು, ಒಂದು ಡಬ್ಬಿ ಬ್ರೇಕ್ ಕ್ಲೀನರು, ಸ್ಟ್ಯಾಂಡುಗಳು ಎಲ್ಲವನ್ನೂ ಗೋಣಿಚೀಲದಲ್ಲಿ ಹೊತ್ತು ತಂದ. ಅಲ್ಲಿಯವರೆಗೆ ನಾವೂ ಬಸ್ಸಿನಲ್ಲೇ ಶಾಲೆಗೆ ಹೋದೆವು.

ಭಾನುವಾರ ಬೆಳಿಗ್ಗೆ ಅಂಗಳದ ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟೆವು. ಚಕ್ರದ ನಟ್ಟುಗಳನ್ನು ಜಾಕಿ ಏರಿಸುವ ಮೊದಲೇ ಸ್ವಲ್ಪ ಸಡಿಲಿಸಬೇಕು. ಏರಿಸಿದ ಮೇಲೆ ಚಕ್ರವೇ ತಿರುಗಿಬಿಡುತ್ತದೆ. ಜಾಕಿಯೊಂದನ್ನೇ ನಂಬಿ ಕೈ ಹಾಕುವುದನ್ನು ಹುಡುಗ ಬಿಡಲಿಲ್ಲ. ಕೆಳಗೆ ಸ್ಟ್ಯಾಂಡು ಕೊಟ್ಟ, ಬಿಚ್ಚಿದ ಚಕ್ರವನ್ನೂ ಕಾರಿನಡಿ ತಳ್ಳಿ ಮಲಗಿಸಿದ. “ಬಿದ್ರೆ ಚಕ್ರದ ಮ್ಯಾಲೆ ಬೀಳ್ಲಿ, ನಮ್ ಮ್ಯಾಲೆ ಬ್ಯಾಡ” ಎಂದ.

ಡಿಸ್ಕನ್ನು ಎರಡೂ ಕಡೆಯಿಂದ ಇಕ್ಕಳದ ಹಾಗೆ ಹಿಡಿಯುವ ಭಾಗಕ್ಕೆ ಕ್ಯಾಲಿಪರ್ ಎನ್ನುತ್ತಾರೆ. ಹಿಂದಿನ ಎರಡು ಬೋಲ್ಟು ಬಿಚ್ಚಿದರೆ ಅದು ಕೈಗೆ ಬರುತ್ತದೆ. ಅದನ್ನು ರಬ್ಬರಿನ ಪೈಪಿನ ಮೇಲೆ ನೇತುಬಿಡಬಾರದು, ಪೈಪು ಒಳಗೊಳಗೇ ಹಾಳಾದೀತು. ತಂತಿಯಿಂದ ಮೇಲೆ ಕಟ್ಟಿದೆವು. ಹಳೆಯ ಪ್ಯಾಡು ತೆಗೆದು ನೋಡಿದರೆ ಒಂದರಲ್ಲಿ ಬರೀ ತಗಡು! ದೂಳನ್ನು ಬಾಯಿಂದ ಊದಲು ಹೋದಾಗ ಹುಡುಗ ತಡೆದ. ಆ ದೂಳು ಉಸಿರಿಗೆ ಹೋಗಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು.

ಕಷ್ಟವಾದದ್ದು ಡಿಸ್ಕು. ಕ್ಯಾಲಿಪರ್ ಕೂರುವ ಬ್ರಾಕೆಟ್ಟಿನ ದಪ್ಪ ಬೋಲ್ಟುಗಳು ಸ್ಪ್ಯಾನರಿಗೆ ಪೈಪು ಸೇರಿಸಿ ಒತ್ತಿದ ಮೇಲೆ ಬಂದವು. ಡಿಸ್ಕು ಮಾತ್ರ ತುಕ್ಕು ಹಿಡಿದು ಹಬ್ಬಿಗೆ ಅಂಟಿಕೊಂಡಿತ್ತು. ನಾವು ಸುತ್ತಿಗೆ ಎತ್ತಿದೆವು. ಹುಡುಗ ನಕ್ಕು, ಡಿಸ್ಕಿನಲ್ಲೇ ಇದ್ದ ಎರಡು ಮರೆಯ ತೂತುಗಳಿಗೆ ಬೋಲ್ಟು ಹಾಕಿ ಒಂದೊಂದು ಸುತ್ತು ಬಿಗಿಮಾಡುತ್ತ ಹೋದ. ಟಪ್ಪೆಂದು ಅದೇ ಹೊರಗೆ ಬಂತು.

ಡಿಸ್ಕಿನ ಮೇಲೆ ಅದರ ಕನಿಷ್ಠ ದಪ್ಪವನ್ನು ಅಚ್ಚು ಹಾಕಿರುತ್ತಾರೆ. ಶಾಲೆಯ ವರ್ನಿಯರ್ ಕ್ಯಾಲಿಪರ್ಸ್ ತಂದಿದ್ದೆವು. ಸವೆಯದ ಅಂಚು ಅಡ್ಡ ಬಂದದ್ದರಿಂದ ಎರಡೂ ಕಡೆ ಒಂದೊಂದು ನಾಣ್ಯ ಇಟ್ಟು ಅಳೆದು, ನಾಣ್ಯಗಳ ದಪ್ಪ ಕಳೆದೆವು. ಕನಿಷ್ಠಕ್ಕಿಂತಲೂ ಕಡಿಮೆ. ಮೂರು ಮಕ್ಕಳನ್ನು ಇದರ ಮೇಲೆ ಘಟ್ಟ ಇಳಿಸಿದ್ದೆವು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಹಬ್ಬಿನ ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಹೊಸ ಡಿಸ್ಕಿನ ಎಣ್ಣೆಯನ್ನು ಕ್ಲೀನರಿನಿಂದ ಒರೆಸಿ ಕೂರಿಸಿದೆವು. ಹೊಸ ಪ್ಯಾಡು ದಪ್ಪ ಇರುವುದರಿಂದ ಕ್ಯಾಲಿಪರಿನ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಬೇಕು. ಬಾನೆಟ್ಟಿನಡಿ ಇರುವ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು, ಸಿ ಕ್ಲ್ಯಾಂಪಿನಿಂದ ನಿಧಾನವಾಗಿ ಒತ್ತಿದ. ಡಬ್ಬಿಯಲ್ಲಿ ಆಯಿಲ್ ಮೇಲೇರುವುದು ಕಾಣುತ್ತಿತ್ತು. ಆಗ ಅವನು ಒಂದು ಮಾತು ಹೇಳಿದ. “ಪಾಸ್ಕಲ್ ನಿಯಮ ನೀವೇ ಹೇಳ್ಕೊಟ್ಟಿದ್ರಿ ಸಾ. ಬಾಯಿಪಾಠ ಮಾಡಿ ಬರ್ದೆ, ಮಾರ್ಕೂ ಬಂತು. ಅದು ಇದೇಯ ಅಂತ ವರ್ಕ್‌ಶಾಪಿಗೆ ಹೋದ್ ಮ್ಯಾಲೇ ಗೊತ್ತಾದ್ದು.”

ವಿಜ್ಞಾನದ ಮೇಷ್ಟ್ರು ಇಲ್ಲದ ವರ್ಷಗಳಲ್ಲಿ ಆ ಪಾಠ ಮಾಡಿದವರು ನಾವೇ. ಏನು ಉತ್ತರ ಹೇಳುವುದು?

ಇನ್ನೊಂದು ಕಡೆಯದನ್ನು ನಾವೇ ಬಿಚ್ಚಿ ಕಟ್ಟಿದೆವು, ಅವನು ಪಕ್ಕದಲ್ಲಿ ಕೂತು ನೋಡಿದ. ಪ್ಯಾಡಾಗಲಿ ಡಿಸ್ಕಾಗಲಿ ಒಂದೇ ಕಡೆ ಬದಲಾಯಿಸಬಾರದು, ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ. ನಟ್ಟುಗಳನ್ನು ಎದುರುಬದುರಾಗಿ ಬಿಗಿಮಾಡಿ ಮುಗಿಸಿದಾಗ ಮಧ್ಯಾಹ್ನ. ಹುಡುಗ ಕೈ ತೊಳೆಯಲು ಹೋದ. “ನಾ ಬರಗಂಟ ತೆಗೀಬ್ಯಾಡಿ” ಎಂದು ಹೇಳಿಯೇ ಹೋಗಿದ್ದ.

ನಮಗೆ ತಡೆಯಲಾಗಲಿಲ್ಲ. ಒಬ್ಬರು ಸ್ಟಾರ್ಟ್ ಮಾಡಿದೆವು, ಒಬ್ಬರು ಕಲ್ಲು ತೆಗೆದೆವು. ಕಾರು ಗೇಟಿನ ಇಳಿಜಾರಿಗೆ ಬಂತು. ಬ್ರೇಕ್ ಒತ್ತಿದರೆ ಪೆಡಲು ನೆಲಕ್ಕೆ ಹೋಯಿತು, ಕಾರು ನಿಲ್ಲಲಿಲ್ಲ. ಗೇಟು ತೆಗೆಯಲು ಮನೆಯ ಮಗ ಮುಂದೆ ನಿಂತಿದ್ದ. ಹ್ಯಾಂಡ್ ಬ್ರೇಕ್ ಎಳೆಯಬೇಕೆಂದು ಆ ಕ್ಷಣ ಹೇಗೋ ಹೊಳೆಯಿತು. ಅದು ತಂತಿಯ ಮೂಲಕ ಹಿಂದಿನ ಚಕ್ರಗಳನ್ನು ಬೇರೆಯಾಗಿಯೇ ಹಿಡಿಯುತ್ತದೆ. ಕಾರು ನಿಂತಿತು. ಮಗನಿಗೂ ಬಂಪರಿಗೂ ನಡುವೆ ಒಂದು ಮೊಳ ಇತ್ತು.

ಹುಡುಗ ಓಡಿ ಬಂದ. ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು. ಒಳಗೆ ಕೂತು ಪೆಡಲನ್ನು ಮತ್ತೆ ಮತ್ತೆ ತುಳಿದ. ಹಿಂದಕ್ಕೆ ತಳ್ಳಿದ ಪಿಸ್ಟನ್ನು ಮುಂದೆ ಬಂದು ಪ್ಯಾಡಿಗೆ ತಾಗುವವರೆಗೂ ಬ್ರೇಕು ಇರುವುದೇ ಇಲ್ಲ. ಪೆಡಲು ಗಟ್ಟಿಯಾಗುವ ತನಕ ತುಳಿಯದೆ ಕಾರನ್ನು ಒಂದು ಅಡಿಯೂ ಕದಲಿಸಬಾರದು. ಮನೆಯಲ್ಲಿ ಈ ಕೆಲಸ ಮಾಡುವವರು ಉಳಿದದ್ದೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ. ಪಕ್ಕದಲ್ಲಿ ಬಲ್ಲವರು ಇಲ್ಲದಿದ್ದರೆ ಕೈಯನ್ನೇ ಹಾಕಬೇಡಿ. ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಲಿ ಎಂದು ಆಮೇಲೆ ಒಂದು ವಾರ ತಾಳವಾಡಿ ಬಯಲಿನಲ್ಲೇ ಮೆಲ್ಲಗೆ ಓಡಿಸಿದೆವು, ಘಟ್ಟಕ್ಕೆ ಹೋಗಲಿಲ್ಲ.

ಸೋಮವಾರ ಹಳೆಯ ಪ್ಯಾಡು, ಡಿಸ್ಕುಗಳನ್ನು ತರಗತಿಗೆ ಒಯ್ದೆವು. ಬೋರ್ಡಿನ ಮೇಲೆ ಒಂದು ಲೆಕ್ಕ ಹಾಕಿದೆವು. 1000 ಕಿಲೋ ತೂಕದ ಕಾರು 100 ಮೀಟರು ಎತ್ತರ ಇಳಿದರೆ ಸುಮಾರು 10 ಲಕ್ಷ ಜೂಲ್ ಶಕ್ತಿ. ಬ್ರೇಕಿನಿಂದಲೇ ತಡೆದು ಇಳಿದರೆ ಅದರಲ್ಲಿ ಹೆಚ್ಚಿನದು ಬ್ರೇಕಿನಲ್ಲಿ ಶಾಖವಾಗುತ್ತದೆ. ಅಷ್ಟು ಶಾಖದಲ್ಲಿ ಮೂರು ಲೀಟರು ತಣ್ಣೀರು ಕುದಿಯುವ ಹಂತಕ್ಕೆ ಬರುತ್ತದೆ. ದಿಂಬಂ 100 ಮೀಟರಿಗೆ ಮುಗಿಯುವುದಿಲ್ಲ. ಅದಕ್ಕೇ ಡ್ರೈವರುಗಳು ಸಣ್ಣ ಗೇರಿನಲ್ಲಿ ಇಳಿಯುವುದು, ಎಂಜಿನ್ನೇ ಅರ್ಧ ಭಾರ ಹಿಡಿಯಲಿ ಎಂದು. ಮಕ್ಕಳು ಡಿಸ್ಕಿನ ಗೆರೆಗಳ ಮೇಲೆ ಉಗುರು ಆಡಿಸಿ ನೋಡಿದರು. ‘ಘರ್ಷಣೆ’ ಎಂಬ ಪದಕ್ಕೆ ಅವತ್ತು ಯಾರೂ ಅರ್ಥ ಕೇಳಲಿಲ್ಲ.

ಆ ಹುಡುಗಿ ಮೊದಲ ಬೆಂಚಿನಲ್ಲೇ ಇದ್ದಳು. ಪ್ಯಾಡನ್ನು ಅವಳ ಕೈಗೆ ಕೊಟ್ಟು, “ಅವತ್ತು ನೀನು ಕೇಳಿದ್ದು ಸರಿ ಕಣಮ್ಮ. ಅದು ದೂಳಲ್ಲ. ನಮಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಅಂತ ಹೇಳಲಿಲ್ಲ” ಎಂದೆವು. ಅವಳು ತಗಡನ್ನು ತಿರುಗಿಸಿ ನೋಡಿದಳು. “ಈಗ ಸರಿ ಆಯ್ತಾ ಸಾರ್?” ಎಂದಳು.

“ಆಯ್ತು” ಎಂದೆವು. ಮುಂದಿನ ತಿಂಗಳು ಭಾಷಣ ಸ್ಪರ್ಧೆಗೆ ಅವಳೂ ಕೆಳಗೆ ಬರುತ್ತಾಳೆ. ಅದಕ್ಕೆ ಮೊದಲು ನಾವಿಬ್ಬರೇ ಒಂದು ಸಲ ಘಟ್ಟ ಇಳಿದು ಹತ್ತಿ ನೋಡುತ್ತೇವೆ.